ಲ್ಯಾಬ್ ಮೆಷಿನ್‌ಗಳಿಗೆ ತಾನಾಗಿ ಓಎಸ್ ಹಾಕುವಾಗ ಡಿಸ್ಕಿನ ಸಾಲುಗಳು

ರಜೆ ಮುಗಿಯುವ ಮೊದಲು ಲ್ಯಾಬಿನ 60 ಮೆಷಿನ್‌ಗಳಿಗೆ ಲಿನಕ್ಸ್ ಹಾಕಿ ಮುಗಿಸಬೇಕು ಎಂದಾಗ ಒಂದೊಂದರ ಮುಂದೆ ಕೂತು ನೆಕ್ಸ್ಟ್ ಒತ್ತುತ್ತಾ ಹೋದರೆ ವಾರ ಸಾಲದು. ಉತ್ತರಗಳನ್ನೆಲ್ಲ ಮೊದಲೇ ಬರೆದಿಟ್ಟ ಕಿಕ್‌ಸ್ಟಾರ್ಟ್ ಫೈಲ್ ಇದ್ದರೆ ನೆಟ್‌ವರ್ಕಿನಿಂದ ಬೂಟ್ ಮಾಡಿಸಿ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಆ ಫೈಲಿನಲ್ಲಿ ಟೈಮ್‌ಝೋನ್ ತಪ್ಪಿದರೂ ಪಾಸ್‌ವರ್ಡ್ ತಪ್ಪಿದರೂ ಆಮೇಲೆ ಸರಿ ಮಾಡಿಕೊಳ್ಳಬಹುದು. ಡಿಸ್ಕಿನ ಐದಾರು ಸಾಲು ತಪ್ಪಿದರೆ ಮಾತ್ರ ಒಳಗಿದ್ದದ್ದು ಹೋಯಿತು, ಮರಳಿ ಬಾರದು.

ಮೊದಲ ತಪ್ಪು ಎಂದರೆ ಡಿಸ್ಕಿಗೆ ಎಸ್‌ಡಿಎ ಎಂದು ಬರೆದುಬಿಡುವುದು. ಆ ಹೆಸರು ಡಿಸ್ಕಿನದಲ್ಲ, ಕರ್ನಲ್ (ಓಎಸ್‌ನ ತಿರುಳು) ಅದನ್ನು ಕಂಡ ಸರದಿಯದು. 256 ಜಿಬಿ ಎಸ್‌ಎಸ್‌ಡಿಯ ಜೊತೆ 1 ಟಿಬಿ ಹಾರ್ಡ್‌ಡಿಸ್ಕ್ ಇರುವ ಮೆಷಿನ್‌ನಲ್ಲಿ ಇವತ್ತು ಎಸ್‌ಎಸ್‌ಡಿ ಎಸ್‌ಡಿಎ ಆದರೆ, ನಾಳೆ ಹಾರ್ಡ್‌ಡಿಸ್ಕ್ ಎಸ್‌ಡಿಎ ಆಗಬಹುದು. ನಮ್ಮ ಕಡಲ ಬದಿಯಲ್ಲಿ ಹೆಸರು ಹೀಗೆ ಬದಲಾಗಲು ಇನ್ನೊಂದು ಕಾರಣವೂ ಇದೆ. ಮಲ್ಪೆ, ಸುರತ್ಕಲ್ ಕಡೆ ಉಪ್ಪು ಗಾಳಿಗೆ ಡಿಸ್ಕನ್ನು ಜೋಡಿಸುವ ಸಾಟಾ ಕನೆಕ್ಟರಿನ ಕಾಲುಗಳು ಮಂಕಾಗುತ್ತವೆ. ಬೂಟ್ ಆಗುವ ಹೊತ್ತಿಗೆ ಎಸ್‌ಎಸ್‌ಡಿಯ ಸಂಪರ್ಕ ತಪ್ಪಿದರೆ ಮಕ್ಕಳ ಪ್ರಾಜೆಕ್ಟ್ ಇರುವ ಹಾರ್ಡ್‌ಡಿಸ್ಕೇ ಎಸ್‌ಡಿಎ ಆಗಿ ನಿಲ್ಲುತ್ತದೆ, ಇನ್‌ಸ್ಟಾಲರ್ ಅದನ್ನೇ ಒರೆಸುತ್ತದೆ. ಬೋರ್ಡಿಗೇ ಸಿಕ್ಕಿಸುವ ಎನ್‌ವಿಎಂಇ ಎಸ್‌ಎಸ್‌ಡಿ ಮಾತ್ರ ಇರುವ ಮೆಷಿನ್ ಆದರೆ ಹೆಸರೇ ಬೇರೆ, ಎಸ್‌ಡಿಎ ಸಿಗದೆ ಇನ್‌ಸ್ಟಾಲೇಷನ್ ನಿಂತೇ ಹೋಗುತ್ತದೆ. ಹಾಗೆ ನಿಂತರೆ ಒಳ್ಳೆಯದೇ.

ಆದ್ದರಿಂದ ಡಿಸ್ಕನ್ನು ಹುಡುಕುವ ಕೆಲಸವನ್ನು ಪ್ರೀ ಸ್ಕ್ರಿಪ್ಟಿಗೆ, ಎಂದರೆ ಇನ್‌ಸ್ಟಾಲೇಷನ್‌ಗೆ ಮೊದಲು ಓಡುವ ಫೈಲಿನ ಭಾಗಕ್ಕೆ, ಕೊಡಿ. ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಿಂದ ಹೆಸರು, ವಿಧ, ಬೈಟ್ ಲೆಕ್ಕದ ಗಾತ್ರ, ತಿರುಗುವ ಡಿಸ್ಕೋ ಅಲ್ಲವೋ, ಯಾವ ಬಸ್ಸಿನ (ಜೋಡಣೆಯ ದಾರಿಯ) ಮೇಲಿದೆ ಎಂಬ ಐದು ಕಾಲಂ ತೆಗೆಯಬೇಕು. ವಿಧ ಡಿಸ್ಕ್ ಆಗಿರಬೇಕು, ಬಸ್ಸು ಯುಎಸ್‌ಬಿ ಆಗಿರಬಾರದು, ತಿರುಗುವಿಕೆ ಸೊನ್ನೆ (ಎಂದರೆ ಎಸ್‌ಎಸ್‌ಡಿ) ಇರಬೇಕು, ಗಾತ್ರ 200 ಜಿಬಿಗೂ ಹೆಚ್ಚು ಇರಬೇಕು. ತೆಗೆಯಬಹುದಾದ ಡಿಸ್ಕ್ ಎಂಬ ಗುರುತನ್ನು ಮಾತ್ರ ನಂಬಿದರೆ ಸಾಲದು, ಯುಎಸ್‌ಬಿಯಲ್ಲಿ ಸಿಕ್ಕಿಸಿದ ಹೊರ ಹಾರ್ಡ್‌ಡಿಸ್ಕಿಗೆ ಆ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಗಾತ್ರ ನೋಡಲೂ ಕಾರಣವಿದೆ: ರ್ಯಾಮ್ ಕಡಿಮೆ ಇರುವ ಮೆಷಿನ್‌ನಲ್ಲಿ ಇನ್‌ಸ್ಟಾಲರ್ ರ್ಯಾಮಿನಲ್ಲೇ ಮಾಡಿಕೊಳ್ಳುವ ಝಡ್‌ರ್ಯಾಮ್ ಎಂಬ ಹುಸಿ ಡಿಸ್ಕ್ ಕೂಡ ಡಿಸ್ಕ್ ಎಂದೇ ಕಾಣುತ್ತದೆ.

ಈ ಜರಡಿಯಲ್ಲಿ ಸರಿಯಾಗಿ ಒಂದೇ ಡಿಸ್ಕ್ ಉಳಿದರೆ ಮುಂದುವರಿಯಬೇಕು. ಎರಡು ಉಳಿದರೂ ಒಂದೂ ಉಳಿಯದಿದ್ದರೂ ಸ್ಕ್ರಿಪ್ಟ್ ದೋಷ ಸಂಖ್ಯೆಯೊಂದಿಗೆ ಹೊರಬರಬೇಕು. ಪ್ರೀ ವಿಭಾಗದ ತಲೆಯಲ್ಲಿ ಎರರ್‌ಆನ್‌ಫೇಲ್ ಬರೆದಿದ್ದರೆ ಅಲ್ಲಿಗೇ ಇನ್‌ಸ್ಟಾಲೇಷನ್ ನಿಲ್ಲುತ್ತದೆ. ಇದನ್ನು ಬರೆಯಲು ಮರೆಯಬೇಡಿ. 60ರಲ್ಲಿ ಮೂರು ಮೆಷಿನ್ ನಿಂತರೆ ಹೋಗಿ ನೋಡಿ ಸರಿ ಮಾಡಿದರಾಯಿತು, ತಪ್ಪು ಡಿಸ್ಕ್ ಒರೆಸಿದ ಮೆಷಿನ್ ಒಂದಿದ್ದರೂ ಅದಕ್ಕೆ ಮದ್ದಿಲ್ಲ ಮಾರಾಯ್ರೆ.

ಸಿಕ್ಕ ಹೆಸರನ್ನು ಸ್ಕ್ರಿಪ್ಟ್ ಟೆಂಪ್ ಫೋಲ್ಡರಿನ ಒಂದು ಫೈಲಿಗೆ ಬರೆಯುತ್ತದೆ, ಮುಖ್ಯ ಫೈಲ್ ಅದನ್ನು ಇನ್‌ಕ್ಲೂಡ್ ಮಾಡಿಕೊಳ್ಳುತ್ತದೆ. ಅದರಲ್ಲಿ ಮೊದಲ ಸಾಲು ಇಗ್ನೋರ್‌ಡಿಸ್ಕ್, ಓನ್ಲಿ-ಯೂಸ್ ಎಂಬ ಆಯ್ಕೆಯೊಂದಿಗೆ, ಎಂದರೆ ಈ ಡಿಸ್ಕ್ ಬಿಟ್ಟು ಬೇರೆ ಮುಟ್ಟಬೇಡ ಎಂದು. ಇದಿಲ್ಲದೆ, ಯಾವ ಡಿಸ್ಕ್ ಎಂದೂ ಹೇಳದೆ ಪಾರ್ಟಿಷನ್ ಅಳಿಸುವ ಕ್ಲಿಯರ್‌ಪಾರ್ಟ್ ಆಲ್ ಎಂದು ಬರೆದರೆ ಕಂಡ ಡಿಸ್ಕುಗಳೆಲ್ಲ ಖಾಲಿ, ಸಿಕ್ಕಿಸಿಟ್ಟ ಬ್ಯಾಕಪ್ ಡಿಸ್ಕೂ ಸೇರಿ.

ಪಾರ್ಟಿಷನ್‌ಗಳ (ಡಿಸ್ಕಿನ ಭಾಗಗಳ) ಗಾತ್ರಗಳು ಮೆಬಿಬೈಟಿನಲ್ಲಿ, ಎಂದರೆ 1024ರ ಲೆಕ್ಕದ ಎಂಬಿಯಲ್ಲಿ. ಮೆಷಿನ್ ಏಳಲು ಬೇಕಾದ ಇಎಫ್‌ಐಗೆ 600, ಬೂಟ್‌ಗೆ 1024, ರ್ಯಾಮ್ ಸಾಲದಾಗ ಬಳಸುವ ಸ್ವಾಪ್‌ಗೆ 8192, ಓಎಸ್ ಇರುವ ರೂಟ್‌ಗೆ 61440, ಉಳಿದದ್ದೆಲ್ಲ ಬಳಕೆದಾರರ ಫೈಲುಗಳ ಹೋಮ್‌ಗೆ. ಹೋಮ್‌ನ ಸಾಲಿನಲ್ಲಿ ಸಣ್ಣ ಗಾತ್ರ ಕೊಟ್ಟು ಗ್ರೋ ಎಂದು ಬರೆಯಿರಿ, ಲೆಕ್ಕ ಹಾಕಿ ಕೊನೆಯ ಎಂಬಿಯವರೆಗೆ ತುಂಬಿಸಬೇಡಿ. 256 ಜಿಬಿ ಎಂದು ಮಾರುವ ಎಸ್‌ಎಸ್‌ಡಿ 1024ರ ಲೆಕ್ಕದಲ್ಲಿ ಸುಮಾರು 238 ಜಿಬಿ ಎಂದು ಕಾಣುತ್ತದೆ. ಅದು ಕೆಟ್ಟು ಬದಲಿಗೆ 240 ಜಿಬಿಯದು ಬಂದರೆ ಕಾಣುವುದು 223 ಮಾತ್ರ. ಮೊದಲಿನದಕ್ಕೆ ಅಳೆದು ಹೊಲಿದ ಅಂಗಿ ಇದಕ್ಕೆ ಹಿಡಿಯುವುದಿಲ್ಲ. ಒಂದೇ ಡಿಸ್ಕಿನ ಲ್ಯಾಬ್ ಮೆಷಿನ್‌ಗೆ ಎಲ್‌ವಿಎಂ (ಡಿಸ್ಕಿನ ಜಾಗವನ್ನು ಆಮೇಲೂ ಹಂಚಿಕೊಳ್ಳಬಹುದಾದ ವ್ಯವಸ್ಥೆ) ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ವರ್‌ಗೆ ಬೇಕು. ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಹಾಕಿದರೆ ಹಿಗ್ಗಿಸಬಹುದು, ಕುಗ್ಗಿಸಲಾಗದು ಎಂಬುದೂ ನೆನಪಿರಲಿ.

ಮುಂದಿನ ವರ್ಷ ಹೋಮ್ ಉಳಿಸಿಕೊಂಡು ಓಎಸ್ ಮಾತ್ರ ಹೊಸದಾಗಿ ಹಾಕುವುದಿದ್ದರೆ ಈಗಲೇ ಆ ಪಾರ್ಟಿಷನ್‌ಗೆ ಲೇಬಲ್ ಕೊಟ್ಟಿಡಿ. ಫೈಲಿನಲ್ಲಿ ಬರೆದ ಕ್ರಮದಲ್ಲೇ ಡಿಸ್ಕಿನ ಮೇಲೆ ಬರುತ್ತವೆಂಬ ಭರವಸೆಯಿಲ್ಲ, ಹಾಗಾಗಿ ಐದನೆಯದು ಹೋಮ್ ಎಂದು ಎಣಿಸಲು ಹೋಗಬಾರದು. ಲೇಬಲ್ ನೋಡಿ ಸ್ಕ್ರಿಪ್ಟೇ ಹುಡುಕಲಿ. ಆಗ ಕ್ಲಿಯರ್‌ಪಾರ್ಟ್‌ಗೆ ಆಲ್ ಬದಲು ಲಿಸ್ಟ್ ಕೊಟ್ಟು ಅಳಿಸಬೇಕಾದವನ್ನಷ್ಟೇ ಹೇಳಬೇಕು, ಪಾರ್ಟಿಷನ್ ಪಟ್ಟಿಯನ್ನೇ ಹೊಸದಾಗಿಸುವ ಇನಿಟ್‌ಲೇಬಲ್ ಬರೆಯಬಾರದು, ಹೋಮ್‌ನ ಸಾಲಿಗೆ ಆನ್‌ಪಾರ್ಟ್ (ಇರುವ ಈ ಪಾರ್ಟಿಷನ್‌ನ್ನೇ ಬಳಸು) ಮತ್ತು ನೋಫಾರ್ಮ್ಯಾಟ್ (ಫಾರ್ಮ್ಯಾಟ್ ಮಾಡಬೇಡ) ಎರಡೂ ಬೇಕು.

ಕಿಕ್‌ಸ್ಟಾರ್ಟಿನಂತೆಯೇ ಉತ್ತರ ಬರೆದಿಡುವ, ಡೆಬಿಯನ್ ಲಿನಕ್ಸಿನ ಪ್ರಿಸೀಡ್ ಬಳಸುವವರು ಎಡವುವುದು ಪ್ರತಿ ಪಾರ್ಟಿಷನ್‌ಗೆ ಕೊಡುವ ಮೂರು ಸಂಖ್ಯೆಗಳಲ್ಲಿ: ಕನಿಷ್ಠ, ಆದ್ಯತೆ, ಗರಿಷ್ಠ. ನಡುವಿನದು ಶೇಕಡಾವಾರು ಅಲ್ಲ. ಆದ್ಯತೆಯಿಂದ ಕನಿಷ್ಠವನ್ನು ಕಳೆದು ಬಂದದ್ದರ ಪ್ರಮಾಣದಲ್ಲಿ ಮಿಕ್ಕ ಜಾಗ ಹಂಚಿಕೆಯಾಗುತ್ತದೆ, ಎರಡೂ ಒಂದೇ ಇಟ್ಟರೆ ಆ ಪಾರ್ಟಿಷನ್‌ಗೆ ಪಾಲೇ ಇಲ್ಲ. ಗರಿಷ್ಠಕ್ಕೆ ಮೈನಸ್ 1 ಎಂದರೆ ಮಿತಿಯಿಲ್ಲ.

ಇನ್ನು ಮಳೆಗಾಲದ ಕರೆಂಟು. ಫಾರ್ಮ್ಯಾಟ್ ಆಗುವಾಗ ಕರೆಂಟು ಹೋದರೆ ಅಷ್ಟು ಭಯವಿಲ್ಲ, ಪುನಃ ಶುರು ಮಾಡಬಹುದು. ಹಳೆಯ ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿಸುವ ವ್ಯವಸ್ಥೆ), ಎಲ್‌ವಿಎಂ ಗುರುತುಗಳು ಉಳಿದು ತೊಂದರೆ ಕೊಟ್ಟರೆ ಮೊದಲು ಪಾರ್ಟಿಷನ್‌ಗಳ ಮೇಲೆ, ಆಮೇಲೆ ಇಡೀ ಡಿಸ್ಕಿನ ಮೇಲೆ ಆ ಗುರುತುಗಳನ್ನು ಅಳಿಸುವ ವೈಪ್‌ಎಫ್‌ಎಸ್ ಆಜ್ಞೆ ಓಡಿಸಿ. ಡಿಸ್ಕಿನ ಮೊದಲ 1 ಎಂಬಿಗೆ ಸೊನ್ನೆ ತುಂಬಿದರೆ ಸಾಕೆಂಬುದು ತಪ್ಪು, ಜಿಪಿಟಿ ಎಂಬ ಪಾರ್ಟಿಷನ್ ಪಟ್ಟಿಯ ಎರಡನೇ ಪ್ರತಿ ಡಿಸ್ಕಿನ ಕಟ್ಟಕಡೆಯಲ್ಲಿರುತ್ತದೆ.

ನಿಜವಾದ ಭಯ ಬೇರೆ ಇದೆ. ಬಯಾಸಿನಲ್ಲಿ (ಮೆಷಿನ್‌ನ ಮೂಲ ಸೆಟ್ಟಿಂಗಿನಲ್ಲಿ) ಕರೆಂಟು ಬಂದ ಕೂಡಲೇ ಮೆಷಿನ್ ಆನ್ ಆಗು ಎಂದಿದೆ, ಬೂಟ್ ಕ್ರಮದಲ್ಲಿ ನೆಟ್‌ವರ್ಕ್ ಮೊದಲಿದೆ, ಸರ್ವರಿನ ಮೆನು ಹತ್ತು ಸೆಕೆಂಡ್ ಕಾದು ತಾನಾಗಿ ಇನ್‌ಸ್ಟಾಲ್ ಆರಿಸುತ್ತದೆ ಎಂದುಕೊಳ್ಳಿ. ಜುಲೈಯ ಒಂದು ರಾತ್ರಿ ಕರೆಂಟು ಹೋಗಿ ಬಂದರೆ ಬೆಳಿಗ್ಗೆ ಬಾಗಿಲು ತೆರೆಯುವಾಗ 60 ಮೆಷಿನ್ನೂ ಹೊಚ್ಚ ಹೊಸದು, ಮಕ್ಕಳ ಕೆಲಸ ಒಂದೂ ಇಲ್ಲ. ಆದುದರಿಂದ ಮೆನುವಿನ ಡೀಫಾಲ್ಟ್ ಯಾವಾಗಲೂ ಸ್ಥಳೀಯ ಡಿಸ್ಕಿನಿಂದ ಬೂಟ್ ಎಂದೇ ಇರಬೇಕು. ಬಯಾಸಿನಲ್ಲಿ ಡಿಸ್ಕ್ ಮೊದಲು, ನೆಟ್‌ವರ್ಕ್ ಬೇಕಾದಾಗ ಒಂದು ಸಲಕ್ಕೆ ಬೂಟ್ ಮೆನುವಿನಿಂದ. ನೆಟ್‌ವರ್ಕಿನಿಂದ ಬೂಟ್ ಮಾಡಿಸಲು ಪಿಎಕ್ಸ್‌ಇಲಿನಕ್ಸ್ ಬಳಸುವುದಾದರೆ 01 ಮತ್ತು ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತಿನ) ಹೆಸರಿನಲ್ಲಿ ಆಯಾ ಮೆಷಿನ್‌ಗಷ್ಟೇ ಇನ್‌ಸ್ಟಾಲ್ ಫೈಲ್ ಇಟ್ಟು, ಕೆಲಸ ಮುಗಿದ ಕೂಡಲೇ ಅಳಿಸಿ.

ಬೂಟ್ ರೀತಿ ಕೂಡ ಒಂದೇ ಇರಬೇಕು. ಲೆಗಸಿ ಎಂಬ ಹಳೆಯ ರೀತಿಯಲ್ಲಿ ಬೂಟ್ ಆಗಿ ಇನ್‌ಸ್ಟಾಲ್ ಆದ ಡಿಸ್ಕ್, ಹೊಸ ರೀತಿಯಾದ ಯುಇಎಫ್‌ಐ ಮಾತ್ರ ಒಪ್ಪುವ ಸೆಟ್ಟಿಂಗಿನಲ್ಲಿ ಏಳುವುದಿಲ್ಲ. ಸಿಸ್ ಫೋಲ್ಡರಿನ ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಫೋಲ್ಡರ್ ಇದೆಯೇ ಎಂದು ಅದೇ ಪ್ರೀ ಸ್ಕ್ರಿಪ್ಟ್ ನೋಡಲಿ, ಇಲ್ಲದಿದ್ದರೆ ನಿಲ್ಲಲಿ. ಡಿಸ್ಕೇ ಕಾಣದ ಇಂಟೆಲ್ ಮೆಷಿನ್‌ನಲ್ಲಿ ಸ್ಟೋರೇಜ್ ರೇಡ್ ಮೋಡಿನಲ್ಲಿದೆಯೇ ನೋಡಿ. ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಮೋಡಿಗೆ ಬದಲಿಸಿದರೆ ಲಿನಕ್ಸಿಗೆ ಕಾಣುತ್ತದೆ, ಆದರೆ ಪಕ್ಕದಲ್ಲಿ ವಿಂಡೋಸ್ ಇದ್ದರೆ ಅದು ಬೂಟ್ ಆಗದೆ ಹೋಗಬಹುದು.

ಕಿಕ್‌ಸ್ಟಾರ್ಟ್ ಫೈಲ್ ಪರೀಕ್ಷಿಸುವ ಕೆಎಸ್‌ವ್ಯಾಲಿಡೇಟರ್ ಕಾಗುಣಿತ ಮಾತ್ರ ನೋಡುತ್ತದೆ, ಯಾವ ಡಿಸ್ಕ್ ಒರೆಸಬೇಕೆಂದು ಅದಕ್ಕೆ ಗೊತ್ತಿಲ್ಲ. ವರ್ಚುವಲ್ ಮೆಷಿನ್‌ಗೆ ಎರಡು ಡಿಸ್ಕ್ ಕೊಟ್ಟು, ಒಮ್ಮೆ ಸರದಿ ಬದಲಿಸಿ, ಒಮ್ಮೆ ಸಣ್ಣದನ್ನು ತೆಗೆದು, ಒಮ್ಮೆ ಅರ್ಧದಲ್ಲಿ ಆಫ್ ಮಾಡಿ ನೋಡಿ. ಸ್ಕ್ರಿಪ್ಟ್ ನೋಡುವ ತಿರುಗುವಿಕೆಯ ಕಾಲಂ ವರ್ಚುವಲ್ ಮೆಷಿನ್‌ನಲ್ಲಿ ನಿಜದಂತೆ ಇರುವುದಿಲ್ಲ, ಹಾಗಾಗಿ ಕೊನೆಯ ಪರೀಕ್ಷೆ ಖಾಲಿ ಡಿಸ್ಕಿರುವ ಒಂದು ನಿಜ ಮೆಷಿನ್ ಮೇಲೆ, ಉಳಿದ 59ರ ನೆಟ್‌ವರ್ಕ್ ಕೇಬಲ್ ತೆಗೆದಿಟ್ಟು.