ಘಟ್ಟ ಇಳಿದು ಬಂದ ಹಳೆಯ ಝೆನ್

ಕಾರವಾರದಲ್ಲಿ ಹಳೆಯ ಕಾರು ಕೊಳ್ಳುವವನು ಮೊದಲು ಬಾನೆಟ್ ಎತ್ತಬಾರದು, ಗೋಣಿಚೀಲ ಹಾಸಿ ಮಲಗಿ ಕಾರಿನ ಹೊಟ್ಟೆ ನೋಡಬೇಕು. ಇದು ನಮ್ಮ ಟಿಂಕರಿಂಗ್ ಮೇಸ್ತ್ರಿಯ ಸಿದ್ಧಾಂತ. ಉಪ್ಪುಗಾಳಿ ತಿಂದು ಹಾಕಿದ ತಗಡು ಕತ್ತರಿಸಿ ಹೊಸದನ್ನು ಬೆಸೆಯುವುದರಲ್ಲೇ ಅವರ ಆಯುಷ್ಯದ ಬಹುಭಾಗ ಕಳೆದಿದೆ. ಹಾಗಾಗಿ, ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಅಗ್ಗದ ಹಳೆಯ ಕಾರೊಂದು ಬೇಕು ಎಂದು ನಾನು ಹೇಳಿದಾಗ ಅವರು ಯಾವ ಕಂಪನಿ, ಎಷ್ಟು ಸಿಸಿ ಎಂದೆಲ್ಲ ಕೇಳಲಿಲ್ಲ. "ಮಾಸ್ತರೇ, ಸಮುದ್ರ ಕಾಣುವ ಊರಿನ ಕಾರು ಮಾತ್ರ ಬೇಡ" ಎಂದರು.

ಹೈಸ್ಕೂಲ್ ಮಾಸ್ತರನಿಗೆ ಟ್ರ್ಯಾಕ್ ಕಾರಿನ ಹುಚ್ಚು ಯಾಕೆ ಎಂದು ಮನೆಯಲ್ಲಿ ಕೇಳಿದ್ದಾರೆ, ಶಾಲೆಯಲ್ಲೂ ಕೇಳಿದ್ದಾರೆ. ಉತ್ತರ ಇಬ್ಬರಿಗೂ ಹಿಡಿಸಿಲ್ಲ. ನನ್ನ ಮನಸ್ಸಿನಲ್ಲಿದ್ದುದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಎರಡು ಕಿಲೋಮೀಟರಿಗಿಂತ ತುಸು ಉದ್ದದ ಟ್ರ್ಯಾಕ್ ಅದು. ಮಾರುತಿ 800ರ ಇಂಜಿನ್ ಕೂರಿಸಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ 3.7 ಕಿಲೋಮೀಟರ್, ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಐದು ಕಿಲೋಮೀಟರಿಗೂ ಹೆಚ್ಚು. ಅಂಥ ಕಡೆ ಸಣ್ಣ ಇಂಜಿನ್ನಿನ ಕಾರು ನೇರ ಹಾದಿಯಲ್ಲಿ ಏದುಸಿರು ಬಿಡುತ್ತದೆ. ಕರಿಯಲ್ಲಿ ಹಾಗಲ್ಲ. ತಿರುವು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ತಿರುವು. ಅಲ್ಲಿಗೆ ಬೇಕಾದ್ದು ಹಗುರ ಕಾರು.

ಅಗ್ಗದ್ದೇ ಯಾಕೆ ಎಂದರೆ, ನಮ್ಮ ಮೋಟಾರು ವಿಮೆಯ ಷರತ್ತುಗಳಲ್ಲಿ ರೇಸಿಗೂ ವೇಗ ಪರೀಕ್ಷೆಗೂ ರಕ್ಷಣೆ ಇಲ್ಲ. ತಡೆಗೋಡೆಗೆ ಗುದ್ದಿದರೆ ಗುಜರಿ ಬೆಲೆಯೇ ಗತಿ. ಜೊತೆಗೆ ಟಯರು, ಬ್ರೇಕ್ ಪ್ಯಾಡು, ಸೀಟು, ಬೆಲ್ಟು, ಹೆಲ್ಮೆಟ್ಟು ಎಂದು ದುಡ್ಡು ನುಂಗುವ ಬಾಯಿಗಳು ಬಹಳ. ಕಾರಿಗೇ ಎಲ್ಲ ಸುರಿದರೆ ಇವಕ್ಕೆ ಏನು ಉಳಿದೀತು? ಮತ್ತೆ ನನ್ನ ಬಳಿ ಕಾರು ಸಾಗಿಸುವ ಲಾರಿ ಇಲ್ಲ. ಇದೇ ಕಾರಿನಲ್ಲಿ ಕೊಯಮತ್ತೂರಿಗೆ ಹೋಗಬೇಕು, ಇದರಲ್ಲೇ ಬರಬೇಕು. ಎಂದರೆ ಆರ್‌ಸಿ ಜೀವಂತವಾಗಿರಬೇಕು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು. ಅಂದಿನಿಂದ ಆರ್‌ಸಿ ಸತ್ತ ಕಾರುಗಳನ್ನು "ಪೇಪರ್ ಆಮೇಲೆ ಮಾಡಿಸಿಕೊಳ್ಳಿ" ಎಂದು ದಾಟಿಸಲು ನೋಡುವವರು ಹೆಚ್ಚಾಗಿದ್ದಾರೆ.

ಯಾವ ಕಾರು ಎಂಬ ಪ್ರಶ್ನೆಗೆ ಬಂದರೆ, ನನ್ನ ಹಳೆಯ ಆಸೆ ಫಿಯೆಟ್ ಪಾಲಿಯೊ 1.6. 2001ರಲ್ಲಿ ಹ್ಯಾಚ್‌ಬ್ಯಾಕ್ ಒಂದಕ್ಕೆ ನೂರು ಅಶ್ವಶಕ್ತಿ ಎಂದರೆ ಹುಡುಗರ ನಿದ್ದೆ ಕೆಡಿಸುವ ಮಾತು. ಗೋವಾದಲ್ಲಿ ಒಂದಿತ್ತು. ಮಾಜಾಳಿ ದಾಟಿದರೆ ಗೋವಾ, ಆದರೆ ಕಾರು ಈಚೆ ದಾಟಬೇಕಾದರೆ ಎನ್‌ಒಸಿ, ಮರುನೋಂದಣಿ, ಕರ್ನಾಟಕದ ತೆರಿಗೆ. ಮೇಲಾಗಿ ಹೆಡ್‌ಲೈಟ್ ಒಡೆದರೆ ಯಾವ ಊರಿನ ಗುಜರಿಯಲ್ಲಿ ಹುಡುಕುವುದು? 2005ರ ಮೊದಲ ಸ್ವಿಫ್ಟ್‌ನ 1.3 ಲೀಟರ್ ಇಂಜಿನ್ ಬಹಳ ಒಳ್ಳೆಯದು, 87 ಅಶ್ವಶಕ್ತಿ. ಆದರೆ ಕಾರು ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ, ಬೆಲೆಯೂ ಇನ್ನೂ ಸಾಕಷ್ಟು ಇಳಿದಿಲ್ಲ. ಮಾರುತಿ 800 ಎಲ್ಲರಿಗಿಂತ ಹಗುರ, 650 ಕೆಜಿಯ ಆಸುಪಾಸು. ಬಿಡಿಭಾಗ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಅದರ 12 ಇಂಚಿನ ಚಕ್ರಕ್ಕೆ ಹಿಡಿತವಿರುವ ಟಯರು ಹುಡುಕುವುದೇ ಪಾಡು.

ಉಳಿದದ್ದು ಮಾರುತಿಯದೇ ಝೆನ್. 1993ರಲ್ಲಿ ಬಂದ ಕಾರು, 993 ಸಿಸಿಯ ಪೂರಾ ಅಲ್ಯೂಮಿನಿಯಂ ಇಂಜಿನ್. ಮೊದಲು 50 ಅಶ್ವಶಕ್ತಿ ಇತ್ತು, ಕಾರ್ಬ್ಯುರೇಟರಿನ ಬದಲು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದ ಮೇಲೆ 60 ಆಯಿತು. ತೂಕ ಮುಕ್ಕಾಲು ಟನ್ನಿನ ಹತ್ತಿರ. ಇಲ್ಲೇ ತಯಾರಾಗಿ ಯುರೋಪಿಗೂ ಹೋಗಿದ್ದ ಕಾರು. ಮಾರುತಿ ಎಸ್ಟೀಮ್ ಕಾರಿನ 1.3 ಇಂಜಿನ್ ಇದೇ ಮನೆತನದ್ದಾದ್ದರಿಂದ ಅದನ್ನು ಝೆನ್‌ಗೆ ಕೂರಿಸುವ ಚಾಳಿ ರೇಸಿನವರಲ್ಲಿ ಹಿಂದಿನಿಂದಲೂ ಇದೆ. ನನಗೆ ಅದು ಬೇಡವಾಗಿತ್ತು. ರಸ್ತೆಯಲ್ಲೂ ಓಡಬೇಕಾದ ಕಾರಿನ ಇಂಜಿನ್ ಬದಲಿಸಿದರೆ ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುವ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಎದುರಿಗೆ ನಿಲ್ಲುತ್ತದೆ.

ಕಾರವಾರದಲ್ಲೇ ಒಂದು ಝೆನ್ ಸಿಕ್ಕಿತು. ಕೆಂಪು ಬಣ್ಣ ಹೊಸದಾಗಿ ಹೊಡೆಸಿದ್ದರು, ಇಂಜಿನ್ ಬಿಚ್ಚಿ ಕಟ್ಟಿದ್ದರು, ಸೆಲ್ಫ್ ಹೊಡೆದ ತಕ್ಷಣ ಹಿಡಿಯುತ್ತಿತ್ತು. ನಾನು ಕರಗಿಹೋಗಿದ್ದೆ. ಮೇಸ್ತ್ರಿ ಕಿಸೆಯಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತೆಗೆದು, ಬಣ್ಣಕ್ಕೆ ಗೀರು ಬೀಳದಂತೆ ಕರವಸ್ತ್ರದಲ್ಲಿ ಸುತ್ತಿ, ಬಾಗಿಲ ಕೆಳಗಿನ ಪಟ್ಟಿಯ ಉದ್ದಕ್ಕೂ ಸರಿಸುತ್ತ ಹೋದರು. ಒಂದು ಗೇಣು ಹಿಡಿಯಿತು, ಆಮೇಲೆ ಒಂದು ಮೊಳ ಹಿಡಿಯಲೇ ಇಲ್ಲ. ಬಣ್ಣದಡಿ ಇದ್ದದ್ದು ತಗಡಲ್ಲ, ಪುಟ್ಟಿ. ಚಾಲಕನ ಕಾಲಡಿಯ ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರು. ಹಲಸಿನ ಹಪ್ಪಳ ಮುರಿದ ಸದ್ದಾಯಿತು, ತೂತಿನಲ್ಲಿ ಅಂಗಳದ ಜಲ್ಲಿ ಕಂಡಿತು. ಮಾರುವವರು ಆ ಕ್ಷಣದಲ್ಲಿ ಮೊಬೈಲಿನಲ್ಲಿ ಏನೋ ತುರ್ತು ಕೆಲಸ ನೋಡತೊಡಗಿದರು.

ಟ್ರ್ಯಾಕ್ ಕಾರಿಗೆ ಬಾಡಿಯೇ ಮುಖ್ಯ ಎನ್ನಲು ಕಾರಣ ಇದೆ. ಸೀಟು ಬೋಲ್ಟ್ ಆಗುವುದು ಆ ನೆಲಕ್ಕೆ, ಬೆಲ್ಟಿನ ಕೊಂಡಿ ಆ ನೆಲಕ್ಕೆ, ಮುಂದೆ ಎಂದಾದರೂ ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ಕಾಯುವ ಕೊಳವೆಗಳ ಪಂಜರ, ಹಾಕಿಸಿದರೆ ಅದರ ಕಾಲು ಊರುವುದೂ ಅಲ್ಲಿಗೇ. ಮುಂದಿನ ಶಾಕ್ ಅಬ್ಸಾರ್ಬರಿನ ತುದಿ ಕಚ್ಚಿಕೊಳ್ಳುವ ತಗಡು ಮೆದುವಾಗಿದ್ದರೆ ತಿರುವಿನಲ್ಲಿ ಚಕ್ರದ ಕೋನವೇ ಬದಲಾಗುತ್ತದೆ, ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ವ್ಯರ್ಥ. ಇಂಜಿನ್ ಕೆಟ್ಟರೆ ಇನ್ನೊಂದು ಝೆನ್‌ನ ಇಂಜಿನ್ ತರಬಹುದು, ಗೇರ್‌ಬಾಕ್ಸ್ ತರಬಹುದು. ಬಾಡಿಯನ್ನು ಎಲ್ಲಿಂದ ತರುವುದು? ಬಾಡಿಯೇ ಕಾರಲ್ಲವೇ?

ಶಿರಸಿ ಕಡೆಯ ಝೆನ್‌ನ ಸುದ್ದಿ ಕೊಟ್ಟವರು ನಮ್ಮ ಶಾಲೆಯ ಗಣಿತದ ಮಾಸ್ತರರು. ಅವರ ನೆಂಟರ ಊರಿನಲ್ಲಿ ಅಡಿಕೆ ತೋಟದ ಹಿರಿಯರೊಬ್ಬರ ಕಾರು, 2003ರದ್ದು, ಕೆಎ 31, "ಸ್ವಲ್ಪ ಹೊಗೆ ಬರುತ್ತದೆಯಂತೆ." ಭಾನುವಾರ ಬೆಳಿಗ್ಗೆ ಮೇಸ್ತ್ರಿಯನ್ನು ಕರೆದುಕೊಂಡು ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿದೆ. ಮೇಸ್ತ್ರಿ ದಾರಿಯುದ್ದಕ್ಕೂ ಎದುರಾದ ಕಾರುಗಳ ಬಾಗಿಲಂಚು ನೋಡಿ ಇದು ಕಡಲದ್ದು, ಇದು ಘಟ್ಟದ್ದು ಎಂದು ತೀರ್ಪು ಕೊಡುತ್ತಿದ್ದರು. ನಂಬರ್ ಪ್ಲೇಟ್ ನೋಡಿ ಹೇಳುತ್ತಿದ್ದರೆಂಬ ಗುಮಾನಿ ನನಗೆ ಈಗಲೂ ಇದೆ.

ಅಂಗಳಕ್ಕೆ ಕಾಲಿಡುತ್ತಿದ್ದಂತೆ "ಬನ್ನಿ, ಬನ್ನಿ, ಆಸರಿಗೆ ಏನಾಗಬಹುದು?" ಎಂದರು ಮನೆಯ ಯಜಮಾನರು. ಮುರುಗಲ ಪಾನಕ ಬಂತು. ಕಾರು ಕೊಟ್ಟಿಗೆಯ ಪಕ್ಕದ ಮಾಡಿನಡಿ ನಿಂತಿತ್ತು. ಬಿಳಿ ಬಣ್ಣ ಮಂಕಾಗಿ ಬೂದಿಯಾಗಿತ್ತು, ಹಿಂದಿನ ಸೀಟಿನಲ್ಲಿ ಒಣಗಿದ ಅಡಿಕೆ ಸಿಪ್ಪೆಯ ನಾರು, ಬಂಪರಿನ ಒಂದು ಮೂಲೆಯನ್ನು ತಂತಿಯಿಂದ ಬಿಗಿದಿದ್ದರು. ಕಾರವಾರದ ಕೆಂಪು ಝೆನ್ ಪಕ್ಕ ಇದನ್ನು ನಿಲ್ಲಿಸಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಮೇಸ್ತ್ರಿ ಗೋಣಿಚೀಲ ಕೇಳಿ ತರಿಸಿ ಮಲಗಿದರು. ಬಹಳ ಹೊತ್ತು ಮಾತೇ ಇಲ್ಲ. ಟಪ್, ಟಪ್ ಎಂಬ ಸದ್ದು ಮಾತ್ರ ಕೇಳುತ್ತಿತ್ತು, ಎಲ್ಲ ಕಡೆಯೂ ಒಂದೇ ಬಗೆಯ ಗಟ್ಟಿ ಸದ್ದು. ಅಯಸ್ಕಾಂತ ಬಾಗಿಲ ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ಅಂಟಿಕೊಂಡೇ ಹೋಯಿತು. ಬಳಿಕ ಬಾನೆಟ್ ಎತ್ತಿಸಿ, ಮುಂದಿನ ಗಾಜಿನ ಬುಡದ ಜಾಲರಿ ಕಳಚಿದರು. ಮಲೆನಾಡಿನ ಕಾರುಗಳ ಕಾಯಿಲೆ ಅಲ್ಲಿರುತ್ತದೆ. ಮರದಡಿ ನಿಂತು ನಿಂತು ಎಲೆ ಬಿದ್ದು, ನೀರು ಹರಿಯುವ ತೂತು ಕಟ್ಟಿ, ಮಳೆಗಾಲವಿಡೀ ಒಳಗೆ ಕೆಸರು ನಿಲ್ಲುತ್ತದೆ. ಅವರು ಬೆರಳು ಹಾಕಿ ಕೊಳೆತ ಮಾವಿನೆಲೆಯ ಮುದ್ದೆ ತೆಗೆದರು, ಕಣಜದ ಒಂದು ಮಣ್ಣುಗೂಡು ತೆಗೆದರು, ನೀರು ಸುರಿದು ನೋಡಿದರು. ತಗಡಿನ ಮೇಲೆ ಕಂದು ಪೊರೆ ಎದ್ದಿತ್ತು, ಉಗುರಿನಿಂದ ಕೆರೆದಾಗ ಅಡಿಯಲ್ಲಿ ಹೊಳಪು ಕಂಡಿತು. ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ರೂಪಾಯಿಯಗಲದ ತೂತು ಇತ್ತು. "ಇದೊಂದು ನನಗಿರಲಿ" ಎಂದು ಎದ್ದು ಕೈ ಕೊಡವಿದರು.

ಇಂಜಿನ್ ಪರೀಕ್ಷೆ ನನ್ನ ಪಾಲಿನದು. ಆಯಿಲ್ ಮುಚ್ಚಳದಡಿ ಹಾಲು ಬೆರೆತಂಥ ಬಿಳಿ ಜಿಡ್ಡು ಇರಲಿಲ್ಲ, ರೇಡಿಯೇಟರಿನಲ್ಲಿ ಗುಳ್ಳೆ ಏಳಲಿಲ್ಲ. ಅಲ್ಯೂಮಿನಿಯಂ ಇಂಜಿನ್ನಿಗೆ ಬಿಸಿ ಏರಿ, ನೀರು, ಆಯಿಲ್ ಒಂದಕ್ಕೊಂದು ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗುವುದೇ ದೊಡ್ಡ ಗಂಡಾಂತರ, ಅದಿಲ್ಲ ಎಂದಾಯಿತು. ಓಡಿಸಿ ನೋಡಿದೆ. ಏರಿನಲ್ಲಿ ಎಳೆಯುವಾಗ ಹೊಗೆ ಇಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ತಳದಲ್ಲಿ ಮತ್ತೆ ಒತ್ತಿದರೆ ಭುಸ್ ಎಂದು ನೀಲಿ ಹೊಗೆ. ನನಗೆ ಒಳಗೊಳಗೇ ಖುಷಿ. ಎಳೆತದಲ್ಲೇ ನೀಲಿ ಹೊಗೆ ಬಂದಿದ್ದರೆ ಪಿಸ್ಟನ್ ರಿಂಗಿನ ಅನುಮಾನ, ಖರ್ಚು ದೊಡ್ಡದು. ಇಳಿದ ಮೇಲೆ ಒತ್ತಿದಾಗ ಬರುವುದು ಸಾಮಾನ್ಯವಾಗಿ ವಾಲ್ವ್ ಸೀಲ್ ಸವೆದದ್ದರಿಂದ, ರಬ್ಬರಿನ ಸಣ್ಣ ಟೊಪ್ಪಿಗೆಗಳ ಬಾಬ್ತು. ಈ ವ್ಯತ್ಯಾಸ ತಿಳಿಯಲು ಕಾರವಾರದ ಸಪಾಟು ಹೆದ್ದಾರಿಗಿಂತ ಶಿರಸಿಯ ಏರಿಳಿತವೇ ಮೇಲು.

ಚೌಕಾಶಿಗೆ ಕುಳಿತಾಗ ಯಜಮಾನರು ಕೇಳಿದರು: "ಮಾಸ್ತರೇ, ಇದರಿಂದ ಏನು ಮಾಡುತ್ತೀರಿ?"

ಹೇಳಿದೆ. ಅವರು ಕೈಯಲ್ಲಿದ್ದ ಕವಳದ ಬಟ್ಟಲು ಕೆಳಗಿಟ್ಟರು. "ಮಾರಿಕಾಂಬೆ ಜಾತ್ರೆಗೆಲ್ಲ ಇದರಲ್ಲೇ ಹೋದವರು ನಾವು. ಅರವತ್ತರ ಮೇಲೆ ಓಡಿಸಿದವನಲ್ಲ."

"ಅದಕ್ಕೇ ಬಾಳಿದೆ" ಎಂದರು ಮೇಸ್ತ್ರಿ.

"ನೀವು ಅದರ ಬಾಕಿ ಎಲ್ಲ ವಸೂಲಿ ಮಾಡುತ್ತೀರಿ ಎನ್ನಿ" ಎಂದು ಯಜಮಾನರು ನಕ್ಕರು. ಒಳಗಿನಿಂದ ಮನೆಯ ಅಮ್ಮ, ಗುಜರಿಯವನಿಗೆ ಕೊಡುವುದಕ್ಕಿಂತ ವಾಸಿ, ಕೊಟ್ಟುಬಿಡಿ ಎಂದರು. 45 ಸಾವಿರದಿಂದ ಮಾತು ಶುರುವಾಗಿ 38ಕ್ಕೆ ನಿಂತಿತು. 2023ರಲ್ಲಿ ಆರ್‌ಸಿ ನವೀಕರಿಸಿದ್ದರು, ಐದು ವರ್ಷದ ಮಟ್ಟಿಗೆ ಆ ಚಿಂತೆ ಇರಲಿಲ್ಲ. ಕಾರು ನನ್ನ ಹೆಸರಿಗೆ ವರ್ಗಾಯಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿ, ಒಂದು ಗೊನೆ ಬಾಳೆಕಾಯಿಯನ್ನೂ ಡಿಕ್ಕಿಗೆ ಹಾಕಿಸಿದರು.

ನಾನು ಝೆನ್‌ನಲ್ಲಿ, ಮೇಸ್ತ್ರಿ ಹಿಂದೆ ನನ್ನ ಕಾರಿನಲ್ಲಿ. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗತೊಡಗಿತು. ಎರಡನೇ ಗೇರಿಗೆ ಇಳಿಸಿ, ಇಂಜಿನ್ ತಡೆತದಲ್ಲೇ ತೆವಳಿ, ಅಗಲವಾದ ಕಡೆ ನಿಲ್ಲಿಸಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ಡಾಟ್ 3 ಎಂಬ ದರ್ಜೆಯದು ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ, ಗುಳ್ಳೆಯನ್ನು ಒತ್ತಿದರೆ ಬ್ರೇಕ್ ಹಿಡಿಯುವುದಿಲ್ಲ. ಈ ಕಾರಿನ ಆಯಿಲ್ ಎಷ್ಟು ಮಳೆಗಾಲ ಕಂಡಿತ್ತೋ, ಬಣ್ಣ ಕಾಫಿಯದ್ದಾಗಿತ್ತು. ತಣಿಯುವವರೆಗೆ ಕಾದು ಹೊರಟೆವು. ಊರು ಮುಟ್ಟಿದ ಮೇಲೆ ಮೊದಲು ಮಾಡಿದ ಕೆಲಸ ಇನ್ನೂ ಹೆಚ್ಚು ಬಿಸಿ ತಾಳುವ ಡಾಟ್ 4 ತುಂಬಿಸಿದ್ದು. ನಮ್ಮ ಹವೆಯಲ್ಲಿ ಪ್ರತಿ ಸಲ ಟ್ರ್ಯಾಕಿಗೆ ಹೋಗುವ ಮುನ್ನ ಅದನ್ನು ಬದಲಿಸುವುದೆಂದು ಅಂದೇ ಗೋಡೆಯ ಮೇಲೆ ಬರೆದಿಟ್ಟೆ.

ಈಗ ಕಾರು ಮೇಸ್ತ್ರಿಯ ಶೆಡ್ಡಿನಲ್ಲಿದೆ. ವಾಲ್ವ್ ಸೀಲ್ ಬಂದಿವೆ, ಸ್ಟೆಪ್ನಿ ಗುಂಡಿಗೆ ತೇಪೆ ಬಿದ್ದಿದೆ, ಉಪ್ಪುಗಾಳಿ ತಾಗದಂತೆ ಅಡಿಗೆ ಕಪ್ಪು ಲೇಪ ಬಳಿದಾಗಿದೆ. ಟ್ರ್ಯಾಕಿಗೆ ಇಳಿಯುವ ದಿನ ತೂಕ ಇಳಿಸಲು ಹಿಂದಿನ ಸೀಟು, ಸ್ಟೆಪ್ನಿ, ಪಕ್ಕದ ಸೀಟು ಎಲ್ಲ ಕಳಚಿಡೋಣ ಎಂದೆ. ಹಿಂದಿನದನ್ನು ಬೇಕಾದರೆ ಕಳಚಿ, ಪಕ್ಕದ್ದು ಇರಲಿ ಎಂದು ಮೇಸ್ತ್ರಿ ಪಟ್ಟು ಹಿಡಿದಿದ್ದಾರೆ. ಸೀಟು, ಸ್ಟೆಪ್ನಿಗಳ ಮೂವತ್ತು ಕೆಜಿ ಭಾರಕ್ಕೆ ನೀವು ಹೆದರಿದರೆ ನನ್ನ ಎಪ್ಪತ್ತೆಂಟು ಕೆಜಿಯನ್ನು ಏನು ಮಾಡುತ್ತೀರಿ ಎಂಬುದು ಅವರ ಪ್ರಶ್ನೆ. ಕೊಯಮತ್ತೂರಿಗೆ ತಾವೂ ಬರುವುದೆಂದು ಅವರು ನನ್ನನ್ನು ಕೇಳದೆಯೇ ತೀರ್ಮಾನಿಸಿದ್ದಾರೆ.