ಒಂದು ಟಕ್ಕಿಗೆ ಒಂದು ಯುಗಾದಿ

2025ರ ಯುಗಾದಿ ಇದ್ಯಲ್ಲ, ಅದು ಜರ್ಮನೀಲಿ ಕೂತು ಮಕ್ಕಳಿಗೆ ಬಟ್ಟೆ ಹೊಲಿಯೋರಿಗೆ ಅಂತಾನೇ ಯಾರೋ ಬೇಕೂಂತ ಇಟ್ಟ ಹಾಗಿತ್ತು. ಹಬ್ಬ ಮಾರ್ಚ್ 30, ಭಾನುವಾರ. ಭಾನುವಾರ ಅಂದ್ರೆ ಇಲ್ಲಿ ಅಂಗಡಿ ಎಲ್ಲಾ ಬಂದ್, ದಾರದ ಉಂಡೆ ಮುಗಿದ್ರೂ ಸಿಗಲ್ಲ, ಮೇಲಾಗಿ ಇಡೀ ದಿನ ಸದ್ದು ಮಾಡೋ ಹಾಗಿಲ್ಲ, ನಮ್ಮದು ಹಳೇ ಕಟ್ಟಡ ಮರದ ನೆಲ, ಮಷೀನ್ ಓಡಿಸಿದ್ರೆ ಕೆಳಗಿನ ಮನೆಯವರ ತಲೆ ಮೇಲೇ ಓಡತ್ತೆ. ಹಿಂದಿನ ರಾತ್ರೀನೂ ಹತ್ತು ಗಂಟೆ ಆದ್ಮೇಲೆ ಅದೇ ಕಥೆ. ಅದೇ ರಾತ್ರಿ ಇಲ್ಲಿನ ಗಡಿಯಾರ ಎಲ್ಲಾ ಒಂದು ಗಂಟೆ ಮುಂದಕ್ಕೆ ಹೋಗೋ ರಾತ್ರಿ, ಎರಡು ಗಂಟೆ ಆಗ್ತಿದ್ದ ಹಾಗೆ ಮೂರು. ಇದೆಲ್ಲ ಸಾಲದು ಅಂತ ಶನಿವಾರ ಅಮಾವಾಸ್ಯೆ, ಜೊತೆಗೆ ಸೂರ್ಯಗ್ರಹಣ!

ಗ್ರಹಣ ಇಂಡಿಯಾದಲ್ಲಿ ಕಾಣ್ತಿರ್ಲಿಲ್ಲ, ಹಾಗಾಗಿ ಊರಲ್ಲಿ ಯಾರಿಗೂ ಅದರ ಚಿಂತೆ ಇಲ್ಲ. ಆದ್ರೆ ನಮ್ಮಮ್ಮ ದಾವಣಗೆರೇಲಿ ಕೂತು ಟೀವೀಲಿ ನೋಡಿ, ಯುರೋಪಲ್ಲಿ ಕಾಣತ್ತಂತೆ ಕಣೇ ಅಂತ ಶನಿವಾರ ಬೆಳಿಗ್ಗೇನೇ ಫೋನು. "ಕತ್ತರಿ ಸೂಜಿ ಎಲ್ಲಾ ಎತ್ತಿಡು, ಬಿಟ್ಟ ಮೇಲೆ ಹೊಲಿ." ಅಮ್ಮಾ, ಸೂರ್ಯನ್ನ ಇಲಿ ಕಡಿದಷ್ಟು ಕಾಣತ್ತೆ ಅಷ್ಟೇ, ಐದನೇ ಒಂದು ಭಾಗನೂ ಮುಚ್ಚಲ್ಲ ಅಂದೆ. "ಎಷ್ಟಾದ್ರೂ ಗ್ರಹಣ ಗ್ರಹಣಾನೇ." ಸರಿ, ಮಗಳ ಲಂಗಕ್ಕೆ ಅವಳದ್ದೇ ಸೀರೆ ಕತ್ತರಿಸ್ತಿರೋದು, ಅವಳ ಮಾತೇ ನಡೀಲಿ ಅಂತ ಮಧ್ಯಾಹ್ನದವರೆಗೂ ಮಷೀನಿಗೆ ಬಟ್ಟೆ ಮುಚ್ಚಿ ಹೋಳಿಗೆ ಹೂರಣಕ್ಕೆ ಕಡ್ಲೆಬೇಳೆ ಬೇಯಕ್ಕಿಟ್ಟೆ. ಗ್ರಹಣದಲ್ಲಿ ಅಡುಗೆನೂ ಮಾಡಬಾರದು, ಆದ್ರೆ ಅದನ್ನ ಅವಳು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.

ನಾವಿರೋದು ಸ್ಟುಟ್‌ಗಾರ್ಟ್. ಬಾಷ್, ಬೆಂಜ್ ಅಂತ ಬೆಂಗಳೂರಿಂದ ಬಂದು ಸೇರಿರೋ ಕನ್ನಡದವರು ಇಲ್ಲಿ ಬೇಕಾದಷ್ಟು. ಯುಗಾದಿಗೆ ಮಕ್ಕಳ ಬಟ್ಟೆ ಎಲ್ಲರೂ ಊರಿಂದಾನೇ ತರಿಸ್ತಾರೆ, ಇಲ್ಲಾಂದ್ರೆ ಹಿಂದಿನ ಸಲ ಊರಿಗೆ ಹೋದಾಗ ಅಂದಾಜಲ್ಲಿ ಒಂದು ಸೈಜ್ ದೊಡ್ಡದು ತಂದಿಟ್ಟಿರ್ತಾರೆ. ಅಂದಾಜು ಯಾವಾಗ್ಲೂ ತಪ್ಪತ್ತೆ. ರೆಡಿಮೇಡ್ ಜರಿಲಂಗ ನೋಡಕ್ಕೆ ಚೆಂದ, ಒಳಗೆ ನೆಟ್ ಚುಚ್ಚಿ ಚುಚ್ಚಿ ಮಕ್ಕಳು ಪೂಜೆ ಮುಗಿಯೋ ಮೊದ್ಲೇ ಕಿತ್ತು ಬಿಸಾಕ್ತಾವೆ. ನಾನು ಹೊಲಿಯಕ್ಕೆ ಶುರು ಮಾಡಿದ್ದು ಅದಕ್ಕೇ, ದೊಡ್ಡ ಸಂಸ್ಕೃತಿ ಪ್ರೇಮ ಏನಿಲ್ಲ.

ಈ ದೇಶದಲ್ಲಿ ಹೊಲಿಗೆ ಅಂದ್ರೆ ಪೇಪರ್ ಪ್ಯಾಟರ್ನು. ನಮ್ಮ ಕಡೆ ಟೈಲರ್‌ಗೆ ಅಳತೆ ಬ್ಲೌಸ್ ಒಂದು ಕೊಟ್ರೆ ಮುಗೀತು, ಅದನ್ನ ಮಡಿಸಿ ಬಟ್ಟೆ ಮೇಲಿಟ್ಟು ಚಾಕ್‌ಪೀಸಲ್ಲಿ ಗೀಟು ಎಳೆದು ಕತ್ತರಿ ಆಡಿಸೇ ಬಿಡ್ತಾನೆ. ಇಲ್ಲಿ ಹಾಗಲ್ಲ. ಜರ್ಮನೀಲಿ ನಾವಿರೋ ರಾಜ್ಯದ್ದೇ ಆಫೆನ್‌ಬುರ್ಗ್ ಅನ್ನೋ ಊರಲ್ಲಿ 1950ರಲ್ಲಿ ಎನ್ನೆ ಬುರ್ದಾ ಅನ್ನೋ ಹೆಂಗಸು ಒಂದು ಮ್ಯಾಗಜೀನ್ ಶುರು ಮಾಡಿದ್ಲು, ಮನೆ ಹೆಂಗಸರು ತಾವೇ ಹೊಲ್ಕೊಳ್ಳೋ ಹಾಗೆ ಅದರ ಜೊತೆಗೇ ಪ್ಯಾಟರ್ನ್ ಹಾಳೆ ಬರತ್ತೆ. ಆ ಹಾಳೆ ಬಿಚ್ಚಿದ್ರೆ ಊಟದ ಟೇಬಲ್ ತುಂಬಾ ಆಗತ್ತೆ, ಒಂದರ ಮೇಲೊಂದು ಹತ್ತಾರು ಡ್ರೆಸ್ಸಿನ ಗೆರೆ, ಕೆಂಪು ನೀಲಿ ಹಸಿರು ಕಪ್ಪು, ನಮಗೆ ಬೇಕಾದ ಡ್ರೆಸ್ಸಿನ ನಮಗೆ ಬೇಕಾದ ಸೈಜಿನ ಗೆರೆ ಹುಡುಕಿ ಟ್ರೇಸಿಂಗ್ ಪೇಪರಿಗೆ ಇಳಿಸ್ಕೊಬೇಕು. ಮ್ಯಾಗಜೀನಿನ ಗೆರೇಲಿ ಹೊಲಿಗೆ ಮಾರ್ಜಿನ್ ಸೇರಿರಲ್ಲ, ಸುತ್ತ ಒಂದೂವರೆ ಸೆಂಟಿಮೀಟರ್ ನಾವೇ ಬಿಡಬೇಕು. ನಮ್ಮನೆಯವರು ಮೊದಲನೇ ಸಲ ಆ ಹಾಳೆ ನೋಡಿ ಇದೇನು ಮೆಟ್ರೋ ಮ್ಯಾಪಾ ಅಂದಿದ್ರು.

ನನಗೆ ಇಷ್ಟ ಆಗಿದ್ದು ಇಲ್ಲಿನ ಮಕ್ಕಳ ಸೈಜು. ವಯಸ್ಸಿನ ಲೆಕ್ಕ ಇಲ್ಲ, ಎತ್ತರದ ಲೆಕ್ಕ. 98, 104, 110, 116, 122 ಅಂತ ಆರಾರು ಸೆಂಟಿಮೀಟರಿಗೆ ಒಂದು ಸೈಜು, ಮಗು 122 ಸೆಂಟಿಮೀಟರ್ ಎತ್ತರ ಇದ್ರೆ ಸೈಜೂ 122. ಗೋಡೆಗೆ ನಿಲ್ಲಿಸಿ ಗೀಟು ಹಾಕಿದ್ರೆ ಸಾಕು, "ಏಳು ವರ್ಷ ಆದ್ರೂ ಐದು ವರ್ಷದ ಬಟ್ಟೆ ಹಾಕ್ತಾಳಾ" ಅಂತ ಯಾರೂ ಕೇಳಲ್ಲ.

ಆದ್ರೆ ಆ ಹಾಳೇಲಿ ನಮ್ಮ ಲಂಗ ಇಲ್ಲ. ಸ್ಕರ್ಟ್ ಇದೆ, ಥರಾವರಿ ಇದೆ, ಆದ್ರೆ ಅವು ಕೆಳಗೆ ಅಗಲ ಆಗೋ ಸ್ಕರ್ಟು, ಕೆಳಗಿನ ಅಂಚು ಬಿಲ್ಲಿನ ಹಾಗೆ ಬಾಗಿರತ್ತೆ. ಸೀರೆ ಬಾರ್ಡರ್ ಬಾಗಲ್ಲ ಸ್ವಾಮಿ, ಅದು ನೆಟ್ಟಗೇ ಓಡೋದು. ಲಂಗ ಅಂದ್ರೆ ಒಂದು ಉದ್ದ ಆಯತ, ಮೇಲೆ ನೆರಿಗೆ, ಕೆಳಗೆ ಬಾರ್ಡರ್, ಅಷ್ಟೇ. ಅದಕ್ಕೆ ಪೇಪರ್ ಬೇಡ, ಲೆಕ್ಕ ಬೇಕು. ಅಮ್ಮ ವಿಡಿಯೋ ಕಾಲಲ್ಲಿ ಹೇಳ್ಕೊಟ್ಟಿದ್ದು ಹೀಗೆ: ಸೊಂಟದಿಂದ ಕಾಲ್ಗೆಜ್ಜೆವರೆಗೆ ಅಳತೆ ತಗೋ, ನನ್ನ ಮಗಳದ್ದು 70 ಸೆಂಟಿಮೀಟರ್ ಬಂತು, ಮೇಲಿನ ಬಾಡಿ ಭಾಗಕ್ಕೆ ಸೇರಿಸೋಕೆ 2, ಆಮೇಲೆ ಟಕ್ಕಿಗೆ, ಅಂದ್ರೆ ಮುಂದೆ ಬಿಚ್ಚಿ ಉದ್ದ ಮಾಡೋ ಮಡಿಕೆಗೆ, 15. ಒಟ್ಟು 87. ಸೀರೆ ಅಗಲ 115ರ ಹತ್ತಿರ ಇರತ್ತೆ, ಕೆಳಗಿನ ಬಾರ್ಡರ್ ಕಡೆಯಿಂದ 87 ಅಳೆದು ಕತ್ತರಿಸಿದ್ರೆ ಮೇಲಿನ ಬಾರ್ಡರ್ ಇರೋ ಒಂದು ಪಟ್ಟಿ ಉಳಿಯತ್ತೆ. ಸುತ್ತಳತೆಗೆ ಎರಡೂವರೆ ಮೀಟರ್ ಇದ್ರೆ ಕುಣಿದ್ರೆ ಅರಳೋ ಅಷ್ಟು ನೆರಿಗೆ ಬರತ್ತೆ. ಅಂಚು ಸೀರೆದೇ ಇರೋದ್ರಿಂದ ಕೆಳಗೆ ಹೆಮ್ಮಿಂಗ್ ಕೂಡ ಬೇಡ.

ಟಕ್ಕು, ಅದೇ ಈ ಬಟ್ಟೆಯ ಜೀವ. ಬಾರ್ಡರ್ ಮೇಲ್ಗಡೆ ಅಡ್ಡಡ್ಡ ಮೂರು ಮಡಿಕೆ, ಒಂದೊಂದು ಎರಡೂವರೆ ಸೆಂಟಿಮೀಟರು, ಅದು ಎರಡು ಪದರ ಆದ್ರಿಂದ ಒಂದೊಂದೂ ಐದು ಸೆಂಟಿಮೀಟರ್ ನುಂಗತ್ತೆ. ಈ ವಯಸ್ಸಲ್ಲಿ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೀತಾರೆ, ಕಾಲಿನ ಕಡೆ ಅದರಲ್ಲಿ ಮೂರ್ನಾಲ್ಕು ಅಂತಿಟ್ಕೊಂಡ್ರೂ ವರ್ಷಕ್ಕೊಂದು ಟಕ್ ಬಿಚ್ಚಿದ್ರೆ ಬೇಕಾದಷ್ಟಾಯ್ತು. ಪ್ಯಾಟರ್ನಿನ 122 ಮಗು 122 ಇರೋವರೆಗೆ ಮಾತ್ರ, ಮುಂದಿನ ವರ್ಷ ಹೊಸ ಗೆರೆ ಹುಡುಕು ಅನ್ನತ್ತೆ. ಇಲ್ಲಿನವರೂ ಚಿಕ್ಕ ಮಕ್ಕಳ ಪ್ಯಾಂಟಿಗೆ ಹಿಗ್ಗೋ ಉದ್ದ ರಿಬ್ ಪಟ್ಟಿ ಇಟ್ಟು ಮಡಿಸಿ ತೊಡಿಸ್ತಾರೆ, ಇಲ್ಲ ಅಂತಲ್ಲ, ಆದ್ರೆ ಹಬ್ಬದ ಬಟ್ಟೇಲಿ ಆ ಯೋಚನೆ ನಾನು ಅಷ್ಟಾಗಿ ಕಂಡಿಲ್ಲ. ನಮ್ಮಲ್ಲಿ ಹಬ್ಬದ ಬಟ್ಟೇಲೇ ಅದು ಜಾಸ್ತಿ, ಯಾಕಂದ್ರೆ ದುಡ್ಡು ಹಾಕಿರೋದೇ ಅದಕ್ಕೆ. ನನ್ನ ಚಿಕ್ಕಂದಿನ ಲಂಗಗಳಲ್ಲಿ ಟಕ್ ಬಿಚ್ಚಿದ ಜಾಗ ಮಾತ್ರ ಹೊಸಾ ಬಣ್ಣ, ಮಿಕ್ಕಿದ್ದು ಮಾಸಿರೋದು, ಗೆರೆ ಎಣಿಸಿದ್ರೆ ಎಷ್ಟನೇ ಯುಗಾದಿ ಅಂತ ಗೊತ್ತಾಗೋದು. ಆಗ ನಾಚಿಕೆ ಆಗ್ತಿತ್ತು. ಈಗ ನನ್ನ ಮಗಳಿಗೂ ಮೂರು ಟಕ್ ಹಾಕ್ತೀನಿ.

ಸೀರೆ ಅಮ್ಮನ ಮೊಳಕಾಲ್ಮೂರು, ಮಡಿಕೆ ಇದ್ದ ಕಡೆ ಎಲ್ಲಾ ರೇಷ್ಮೆ ಸೀಳು ಬಿಟ್ಟಿತ್ತು. ಹಳೇ ರೇಷ್ಮೆ ಬೀರುವಲ್ಲಿ ಅದೇ ಮಡಿಕೇಲಿ ವರ್ಷಗಟ್ಟಲೆ ಇದ್ರೆ ಹೀಗೇನೇ, ಅದಕ್ಕೇ ಆಗಾಗ ಮಡಿಕೆ ಬದಲಿಸಬೇಕು ಅನ್ನೋದು. ಸೀಳು ಬಂದ ಜಾಗ ಎಲ್ಲಾ ನೆರಿಗೆ ಒಳಗೆ ಹೋಗೋ ಹಾಗೆ ನೋಡ್ಕೊಂಡೆ, ಒಳಗೆ ಕಾಟನ್ ಲೈನಿಂಗ್.

ರವಿಕೆಗೆ ಅತ್ತೆ ಬಾಗಲಕೋಟೆಯಿಂದ ಗುಳೇದಗುಡ್ಡದ ಖಣ ಕಳಿಸಿದ್ರು, ತ್ರಿಕೋನ ಮಡಿಕೇಲೇ ಬಂತು, ಉಡಿ ತುಂಬೋಕೆ ಇಡ್ತಾರಲ್ಲ ಹಾಗೆ. "ಖಣ ಅಡ್ಡಡ್ಡ ಕತ್ತರಿಸಬ್ಯಾಡವಾ, ದಡಿ ತೋಳಿಗೆ ಬರ್ಬೇಕು" ಅಂತ ವಾಯ್ಸ್ ಮೆಸೇಜು. ಖಣದ ಪನ್ನಾ, ಅಂದ್ರೆ ಅಗಲ, ಸಣ್ಣದು, ಇಲ್ಲಿನ ಪ್ಯಾಟರ್ನಿಗೆ ಹೆಚ್ಚಾಗಿ 140 ಸೆಂಟಿಮೀಟರ್ ಅಗಲದ ಬಟ್ಟೆ ಅಂತ ಲೆಕ್ಕ ಹಾಕಿ ಚಿತ್ರ ಕೊಟ್ಟಿರ್ತಾರೆ, ಹಾಗಾಗಿ ಆ ಚಿತ್ರ ಪಕ್ಕಕ್ಕಿಟ್ಟು ಪೀಸುಗಳನ್ನ ನಾನೇ ತಿರುಗಿಸಿ ತಿರುಗಿಸಿ ಕೂರಿಸ್ದೆ. ಮಕ್ಕಳ ಬ್ಲೌಸ್ ಪ್ಯಾಟರ್ನೊಂದರ ಮುಂದು, ಬೆನ್ನು, ಕಂಕುಳ ರೌಂಡು ಹಾಗೇ ತಗೊಂಡೆ, ಅದನ್ನ ಇವರಷ್ಟು ಚೆನ್ನಾಗಿ ಯಾರೂ ಬರೆಯಲ್ಲ, ಮಗು ಕೈ ಎತ್ತಿದ್ರೆ ರವಿಕೆ ಮೇಲಕ್ಕೆ ಬರಲ್ಲ. ತೋಳಿನ ಕೆಳಗಡೆ ಗೆರೆ ಮಾತ್ರ ಸ್ವಲ್ಪ ಬಾಗಿತ್ತು, ನೆಟ್ಟಗೆ ಮಾಡಿ ದಡಿ ಕೂರಿಸ್ದೆ. ಬುಗ್ಗೆ ತೋಳೇ ಬೇಕು ಅಂತ ಮಗಳ ಹಟ, ಸರಿ ಮೇಲ್ಗಡೆ ಅಗಲ ಜಾಸ್ತಿ ಕೊಟ್ಟು ನೆರಿಗೆ ಹಿಡಿದೆ. ಮಾರ್ಚ್ ಕೊನೇಲೂ ಇಲ್ಲಿ ಬೆಳಿಗ್ಗೆ ಚಳಿ, ಒಳಗೊಂದು ತುಂಬುತೋಳಿನ ಬನಿಯನ್ ಹಾಕಲೇಬೇಕು, ಅದಕ್ಕೆ ಸುತ್ತ ಒಂದೆರಡು ಸೆಂಟಿಮೀಟರ್ ಸಡಿಲ. ಪಕ್ಕದ ಹೊಲಿಗೇಲೂ ಬಟ್ಟೆ ಬಿಟ್ಟಿದ್ದೀನಿ, ಲಂಗ ಮೂರು ವರ್ಷ ಬಂದು ರವಿಕೆ ಒಂದೇ ವರ್ಷಕ್ಕೆ ಸೋತ್ರೆ ಏನು ಬಂತು.

ಮಗನಿಗೆ ಜುಬ್ಬಾ. ಜುಬ್ಬಾ ಪ್ಯಾಟರ್ನ್ ಎಲ್ಲಿಂದ ಬರ್ಬೇಕು, ನೈಟ್ ಶರ್ಟಿನ 104 ಸೈಜ್ ತಗೊಂಡು ಕಾಲರ್ ತೆಗೆದು ಪಟ್ಟಿ ಹಾಕಿದ್ರೆ ಜುಬ್ಬಾನೇ! ಸೀರೆಯಿಂದ ಉಳಿದ ಬಾರ್ಡರ್ ಪಟ್ಟಿ ಅವನ ಕತ್ತಿಗೆ ಹೋಯ್ತು. ಅಪ್ಪನ ಹಳೇ ಪಂಚೇಲಿ ಅವನಿಗೊಂದು ಪಂಚೆ, ಸೊಂಟಕ್ಕೆ ಎಲಾಸ್ಟಿಕ್, ಮುಂದೆ ನೆರಿಗೆ ಹೊಲಿದೇ ಬಿಟ್ಟೆ, ಅವನು ಸೋಫಾ ಮೇಲಿಂದ ಹಾರಿದ್ರೂ ಬಿಚ್ಚಲ್ಲ. ಅಪ್ಪನಿಗೆ? ಅಪ್ಪನಿಗೆ ಹೋದ ವರ್ಷದ್ದೇ ಇಸ್ತ್ರಿ ಮಾಡಿ ಕೊಟ್ಟೆ.

ಮಷೀನು ಸೆಕೆಂಡ್ ಹ್ಯಾಂಡ್ ಪ್ಫಾಫ್, ಕೈಸರ್ಸ್‌ಲೌಟರ್ನ್ ಊರಲ್ಲಿ 1862ರಲ್ಲಿ ಶುರುವಾದ ಕಂಪನಿ. ಪಾದದ ಹಿಂದೆ ಒಂದು ಪುಟ್ಟ ಕರಿ ಕಾಲು ಇದೆ, ಅದು ಬಟ್ಟೆನ ಮೇಲಿಂದ್ಲೂ ಎಳ್ಕೊಂಡು ಹೋಗತ್ತೆ, ಹಾಗಾಗಿ ರೇಷ್ಮೆ ಮೇಲೆ ಲೈನಿಂಗ್ ಇಟ್ಟು ಹೊಲಿದ್ರೂ ಜಾರಲ್ಲ. ಅಮ್ಮನಿಗೆ ತೋರಿಸಿದಾಗ ಕಾಲಲ್ಲಿ ತುಳಿಯೋ ತನ್ನ ಉಷಾ ಮಷೀನಿನ ಪಕ್ಕ ಇದೇನು ಮಹಾ ಅನ್ನೋ ಮುಖ ಮಾಡಿದ್ಲು.

ಶನಿವಾರ ಗ್ರಹಣ ಬಿಟ್ಟ ಮೇಲೆ ಹುಕ್ಕಿಗೆ ಅಂತ ಹತ್ತಿರದ ಟರ್ಕಿಯವರ ಬಟ್ಟೆ ಅಂಗಡಿಗೆ ಓಡಿದ್ರೆ ಅಲ್ಲಿ ಕಾಲಿಡಕ್ಕೆ ಜಾಗ ಇಲ್ಲ. ಅವರಿಗೂ ಭಾನುವಾರಾನೇ ರಂಜಾನ್ ಹಬ್ಬ, ಊರಲ್ಲಿ ಸೋಮವಾರ ಆದ್ರೂ ಇಲ್ಲಿ 30ಕ್ಕೇ. ಎಲ್ಲಾ ಅಮ್ಮಂದಿರ ಕೈಲೂ ಲೇಸು, ಗುಂಡಿ, ಎಲಾಸ್ಟಿಕ್ಕು, ಎಲ್ಲರ ಮುಖದಲ್ಲೂ ಹತ್ತು ಗಂಟೆ ಒಳಗೆ ಮುಗೀಬೇಕು ಅನ್ನೋ ಆತಂಕ. ನಮ್ಮ ಮೇಲ್ಮನೆ ಹೆಂಗಸೂ ಅಲ್ಲೇ ಸಿಕ್ಕಿದ್ರು, ಅವರದ್ದೂ ಟರ್ಕಿನೇ, ಮಗಳ ಫ್ರಾಕಿಗೆ ಜಿಪ್ ಹುಡುಕ್ತಿದ್ರು. ಹತ್ತಕ್ಕೆ ಮಷೀನ್ ನಿಲ್ಲಿಸಿ ಹುಕ್ಕು, ಕಾಜಾ ಎಲ್ಲಾ ಕೈಹೊಲಿಗೇಲಿ ಮಾಡ್ತಾ ಕೂತೆ, ಮಲಗೋ ಹೊತ್ತಿಗೆ ಗಡಿಯಾರ ಆಗ್ಲೇ ಹಾರಿತ್ತು.

ಬೆಳಿಗ್ಗೆ ಎಣ್ಣೆಸ್ನಾನ, ಮಾವಿನೆಲೆ ಇಲ್ಲ ಅಂತ ಉಳಿದ ಹಸಿರು ಲೈನಿಂಗ್ ಬಟ್ಟೇಲಿ ಎಲೆ ಕತ್ತರಿಸಿ ಹೊಲಿದ ತೋರಣ, ಅದು ವರ್ಷಾ ವರ್ಷಾ ಬರತ್ತೆ. ಬೇವಿಗೆ ಶ್ರೀಲಂಕಾ ತಮಿಳರ ಅಂಗಡಿಯ ಒಣ ಬೇವಿನ ಪುಡಿ, ಬೆಲ್ಲ ಎಷ್ಟು ಹಾಕಿದ್ರೂ ಆ ಪುಡಿ ಸೋಲಲ್ಲ. ಕಣಕಕ್ಕೆ ಇಲ್ಲಿನ 405 ನಂಬರ್ ಹಿಟ್ಟು, ನಮ್ಮ ಮೈದಾ ಥರದ್ದು, ಎಣ್ಣೆ ಹಾಕಿ ಎರಡು ಗಂಟೆ ನೆನೆಸಿದ್ರೆ ಹೋಳಿಗೆ ಹರಿಯಲ್ಲ. ಹೊಸ ಬಟ್ಟೆ ಅಂಚಿಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟು ತೊಡಿಸಿ, ಊರಿಗೆ ವಿಡಿಯೋ ಕಾಲ್ ಮಾಡಿದ್ರೆ ಹಿಂದಿನ ದಿನದವರೆಗೂ ನಾಲ್ಕೂವರೆ ಗಂಟೆ ಇದ್ದ ಅಂತರ ಮೂರೂವರೆಗೆ ಇಳಿದಿತ್ತು, ಅಲ್ಲಿ ನಮ್ಮಪ್ಪ ಪಂಚಾಂಗ ಹಿಡ್ಕೊಂಡು ವಿಶ್ವಾವಸು ಸಂವತ್ಸರದ ಫಲ ಓದ್ತಿದ್ರು. ಅಮ್ಮ ಬಟ್ಟೆ ಚೆನ್ನಾಗಿದೆ ಅನ್ನೋಕೆ ಮುಂಚೆ ಲಂಗ ತಿರುಗಿಸಿ ಒಳಗಡೆ ತೋರಿಸು ಅಂದ್ಲು. ತೋರಿಸ್ದೆ. "ಟಕ್ಕಿನ ಹೊಲಿಗೆ ದೊಡ್ಡದಾಗಿ ಹಾಕಿದೀಯ ತಾನೇ? ಸಣ್ಣ ಹೊಲಿಗೆ ಹಾಕಿದ್ರೆ ಬಿಚ್ಚುವಾಗ ರೇಷ್ಮೆ ಹರಿಯತ್ತೆ." ಹಾಕಿದ್ದೆ, ನಾಲ್ಕು ಮಿಲಿಮೀಟರಿಂದು.

ಮಧ್ಯಾಹ್ನ ಮೇಲ್ಮನೆಯವರು ಬಕ್ಲಾವಾ ತಂದ್ರು, ನಾವು ಹೋಳಿಗೆ ತುಪ್ಪ ಕೊಟ್ವಿ. ಅವರ ಮಗಳು ನನ್ನ ಮಗಳ ಲಂಗ ಸುತ್ತಿ ಸುತ್ತಿ ನೋಡಿ ತನಗೂ ಬೇಕು ಅಂತ ಕೂತ್ಬಿಟ್ಲು, ತಾಯಿ ಇದರ ಪ್ಯಾಟರ್ನ್ ಯಾವ ಸಂಚಿಕೇದು ಅಂದ್ರು. ಪೇಪರ್ ಇಲ್ಲ, ಲೆಕ್ಕ ಇದೆ ಅಂತ ಒಂದು ಚೀಟೀಲಿ ಬರೆದುಕೊಟ್ಟೆ, ಉದ್ದ, ಸೇರಿಸೋಕೆ 2, ಟಕ್ಕಿಗೆ 15. ಈ 15 ಯಾಕೆ ಅಂತ ಕೇಳಿದ್ರು, ಲಂಗ ಮಡಿಸಿ ತೋರಿಸಿದ ಮೇಲೆ ತಮ್ಮ ಮಗಳನ್ನ ಅಲ್ಲೇ ಬಾಗಿಲ ಹತ್ತಿರ ನಿಲ್ಲಿಸಿ ಟೇಪ್ ಹಿಡಿದ್ರು, 110. ಸೀರೆದು ಸೆರಗಿನ ಕಡೆ ಇನ್ನೂ ಎರಡು ಮೀಟರ್ ಉಳಿದಿದೆ, ಕೊಡಣ ಅಂತಿದೀನಿ. ಅಮ್ಮನ್ನ ಇನ್ನೂ ಕೇಳಿಲ್ಲ.