ಆಸಿಡ್ ಸ್ಟ್ರೆಂತ್ ಪ್ರಾಜೆಕ್ಟ್: ವಿನೆಗರ್ ಮುಗೀತು, ಸುಣ್ಣ ಶುರು

ವಿನೆಗರ್ ಭಾಗ ಮುಗೀತು, ರಿಸಲ್ಟ್ ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿ ಬಂದಿದೆ. ಹೊಸಬರಿಗೆ ಒಂದು ಮಾತು, ನೀರಲ್ಲಿ ಎಷ್ಟು ಆಸಿಡ್ ಇದೆ ಅನ್ನೋದು ಒಂದು, ಇರೋದ್ರಲ್ಲಿ ಎಷ್ಟು ಪಾಲು ಒಡೆದು ಹೈಡ್ರೋಜನ್ ಅಯಾನ್ ಬಿಟ್ಕೊಡುತ್ತೆ ಅನ್ನೋದು ಇನ್ನೊಂದು, ಇವೆರಡನ್ನೂ ಮನೇಲೇ ಬೇರೆ ಬೇರೆ ಅಳೀಬೇಕು ಅನ್ನೋದೇ ಪ್ರಾಜೆಕ್ಟು.

ನೀರಿನ ವಿಷ್ಯ ಮೊದ್ಲು. ನಮ್ಮ ಏರಿಯಾ ಬೋರ್‌ವೆಲ್ ನೀರು ಗಡಸು, ಅದ್ರಲ್ಲಿರೋ ಬೈಕಾರ್ಬೊನೇಟೇ ಸ್ವಲ್ಪ ಆಸಿಡ್ ತಿಂದ್ಬಿಡುತ್ತೆ, ಅದಕ್ಕೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದೆ. ಪೆನ್ ಥರದ ಪಿಹೆಚ್ (ಆಸಿಡ್-ಕ್ಷಾರ ತೋರಿಸೋ ಅಂಕಿ, ಒಂದು ಅಂಕಿ ಇಳಿದ್ರೆ ಹೈಡ್ರೋಜನ್ ಅಯಾನ್ ಹತ್ತು ಪಟ್ಟು) ಮೀಟರ್‌ನ ಅದ್ರ ಜೊತೆ ಬಂದ 4.01, 6.86 ಬಫರ್ ಪುಡಿಗಳಲ್ಲಿ (ನೀರಲ್ಲಿ ಕರಗಿಸಿದ್ರೆ ಗೊತ್ತಿರೋ ಪಿಹೆಚ್ ಕೊಡೋ ಪುಡಿ) ಕ್ಯಾಲಿಬ್ರೇಟ್ ಮಾಡ್ದೆ.

ಬಾಟಲ್ ಮೇಲೆ 4% ಅಂತಿರೋ ವಿನೆಗರ್ 15 ಮಿ.ಲೀ. ತಗೊಂಡು 100 ಮಿ.ಲೀ.ಗೆ ನೀರು ತುಂಬಿಸಿದ್ರೆ ಹೆಚ್ಚುಕಮ್ಮಿ 0.1 ಮೋಲಾರ್ (ಲೀಟರ್‌ಗೆ ಎಷ್ಟು ಅಣು ಅನ್ನೋ ಲೆಕ್ಕ) ಆಗುತ್ತೆ. ಪಕ್ಕದಲ್ಲಿ ಅಷ್ಟೇ ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್. ಎರಡರಿಂದಲೂ 10 ಮಿ.ಲೀ. ತಗೊಂಡು ಫೀನಾಲ್ಫ್ಥಲೀನ್ (ಆಸಿಡ್ ಮುಗಿದ ತಕ್ಷಣ ಪಿಂಕ್ ಆಗೋ ಸೂಚಕ) ಹಾಕಿ 0.1 ಮೋಲಾರ್ ಕಾಸ್ಟಿಕ್ ಸೋಡಾ ಹನಿಹನಿಯಾಗಿ ಬಿಟ್ರೆ (ಇದೇ ಟೈಟ್ರೇಶನ್) ಎರಡೂ ಹತ್ತತ್ರ 10 ಮಿ.ಲೀ.ಗೇ ಪಿಂಕ್! ಆದ್ರೆ ಪಿಹೆಚ್ ನೋಡಿದ್ರೆ ಹೈಡ್ರೋಕ್ಲೋರಿಕ್ದು 1ರ ಹತ್ರ, ವಿನೆಗರ್ದು 2.9. ವಿನೆಗರ್‌ನಲ್ಲಿ ನೂರಕ್ಕೆ ಒಂದು ಚಿಲ್ರೆ ಅಣುಗಳು ಮಾತ್ರ ಒಡೆದಿರುತ್ತೆ, ಕಾಸ್ಟಿಕ್ ಬರ್ತಾ ಬರ್ತಾ ಒಡೆದಿದ್ದು ಖರ್ಚಾಗುತ್ತೆ, ಆಗ ಮಿಕ್ಕಿದ್ದೂ ಒಡೀತಾ ಹೋಗುತ್ತೆ, ಅದಕ್ಕೇ ಕೊನೇ ಲೆಕ್ಕ ಒಂದೇ ಬರೋದು.

ನನಗೆ ತುಂಬಾ ಖುಷಿ ಕೊಟ್ಟಿದ್ದು ಇದ್ರ ಮುಂದಿನ ಭಾಗ. ಎರಡೂ ಹತ್ತು ಪಟ್ಟು ತೆಳುವಾಗೋಷ್ಟು ನೀರು ಬೆರೆಸಿದೆ. ಹೈಡ್ರೋಕ್ಲೋರಿಕ್ ಪೂರ್ತಿ 1 ಮೆಟ್ಟಿಲು ಏರಿ 2ಕ್ಕೆ ಬಂತು, ವಿನೆಗರ್ ಬರೀ ಅರ್ಧ, 3.4. ನೀರು ಜಾಸ್ತಿ ಆದಷ್ಟೂ ದುರ್ಬಲ ಆಸಿಡ್‌ನಲ್ಲಿ ಒಡೆಯೋ ಪಾಲು ಹೆಚ್ಚುತ್ತೆ, ರಸಾಯನ ವಿಜ್ಞಾನಿ ಓಸ್ಟ್‌ವಾಲ್ಡ್ 1888ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದ, ಅದು ಬಸವನಗುಡಿ ಬಾಲ್ಕನೀಲಿ ಕಣ್ಣೆದುರಿಗೆ ಬಂದಾಗ ನಿಜಕ್ಕೂ ರೋಮಾಂಚನ ಆಯ್ತು. ಆಮೇಲೆ ವಿನೆಗರ್ ಟೈಟ್ರೇಶನ್‌ನ ಅರ್ಧಕ್ಕೆ, ಅಂದ್ರೆ 5 ಮಿ.ಲೀ. ಕಾಸ್ಟಿಕ್ ಬಿದ್ದಾಗ ನಿಲ್ಲಿಸಿ ನೋಡಿದ್ರೆ ಮೀಟರ್ 4.7, ಪುಸ್ತಕದಲ್ಲಿ ಅಸಿಟಿಕ್ ಆಸಿಡ್ (ವಿನೆಗರ್‌ನಲ್ಲಿರೋ ಆಸಿಡ್) ಪಿಕೆಎ, ಅಂದ್ರೆ ಆಸಿಡ್ ಸ್ಟ್ರೆಂತ್ ಅಂಕಿ (ಕಡಿಮೆ ಆದಷ್ಟೂ ಸ್ಟ್ರಾಂಗ್), 4.76. ಅರ್ಧ ಆಸಿಡ್, ಅರ್ಧ ಅಸಿಟೇಟ್ (ಹೈಡ್ರೋಜನ್ ಅಯಾನ್ ಬಿಟ್ಕೊಟ್ಟ ಆಸಿಡ್) ಇರೋ ಜಾಗದಲ್ಲಿ ಪಿಹೆಚ್ಚೇ ಪಿಕೆಎ. ಒಂದು ಆಸಿಡ್ ಸ್ಟ್ರೆಂತ್ ಅಳಿಯೋಕೆ ಇದಕ್ಕಿಂತ ಸುಲಭದ ದಾರಿ ನಂಗಂತೂ ಕಂಡಿಲ್ಲ.

ಕಾಸ್ಟಿಕ್ ಮುಟ್ಟೋವಾಗ ಕನ್ನಡಕ, ಗ್ಲೌಸ್ ಬೇಕೇ ಬೇಕು, ಮಕ್ಕಳು ಹತ್ರ ಇರಬಾರ್ದು.

ಈಗ ಎಲೆ ಅಡಿಕೆ ಸುಣ್ಣ. ಇದು ಸ್ಟ್ರಾಂಗ್ ಬೇಸ್ (ಆಸಿಡ್‌ಗೆ ಉಲ್ಟಾ, ಕ್ಷಾರ), ಕರಗಿದಷ್ಟೂ ಹೆಚ್ಚುಕಮ್ಮಿ ಪೂರ್ತಿ ಒಡೆಯುತ್ತೆ, ಆದ್ರೆ ಲೀಟರ್ ನೀರಿಗೆ ಕರಗೋದೇ ಸುಮಾರು ಒಂದೂವರೆ ಗ್ರಾಂ. ಅಷ್ಟಕ್ಕೇ ತಿಳಿನೀರಿನ ಪಿಹೆಚ್ 12.4ರ ಆಸುಪಾಸು ಹೋಗುತ್ತೆ. ದುರ್ಬಲ ಬೇಸ್ ಅಮೋನಿಯಾ ನೋಡಿ, ನೀರಲ್ಲಿ ತುಂಬಾನೇ ಕರಗುತ್ತೆ, ಆದ್ರೂ 0.1 ಮೋಲಾರ್‌ಗೆ 11ರ ಮೇಲೆ ಚೂರು ಅಷ್ಟೇ. ಸುಣ್ಣದ ತಿಳಿಯನ್ನ ಮುಚ್ಚಳ ಬಿಗಿ ಮಾಡಿ ಇಟ್ಟಿದೀನಿ, ತೆರೆದಿಟ್ರೆ ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಮೇಲೆ ಬಿಳಿ ಕೆನೆ ಕಟ್ಟುತ್ತೆ, ರೀಡಿಂಗ್ ಇಳಿದುಹೋಗುತ್ತೆ. ಅದಾದ್ಮೇಲೆ ನಿಂಬೆಹಣ್ಣು, ಅದ್ರ ಸಿಟ್ರಿಕ್ ಆಸಿಡ್‌ಗೆ 3.1, 4.8, 6.4 ಅಂತ ಮೂರು ಪಿಕೆಎ ಇವೆ, ಒಂದಕ್ಕೊಂದು ಹತ್ರ ಇರೋದ್ರಿಂದ ಗ್ರಾಫ್‌ನಲ್ಲಿ ಮೂರು ಜಿಗಿತ ಸಿಗಲ್ಲ, ಉದ್ದನೆ ನಿಧಾನದ ಏರು ಬಂದು ಕೊನೇಲಿ ಒಂದು ಜಿಗಿತ ಸಿಗ್ಬೇಕು. ಸುಣ್ಣದ ರೀಡಿಂಗ್ ಜೊತೆ ಆ ಗ್ರಾಫೂ ಹಾಕ್ತೀನಿ.